ದೀಪದ ಕಾವಲುಗಾರ್ತಿ ಮತ್ತು ಹಾಳೂರ ದಿಬ್ಬ

ಮಧ್ಯಾಹ್ನ ಎರಡು ಗಂಟೆ ನಲವತ್ತು ನಿಮಿಷಕ್ಕೆ ಆ ಫೋನು ಬಂತು. ಹೊತ್ತು ಇಷ್ಟು ಖಚಿತವಾಗಿ ನೆನಪಿರುವುದಕ್ಕೆ ಕಾರಣವಿದೆ. ಅಂಗಡಿಯ ಗೋಡೆ ಗಡಿಯಾರ ನಿಂತುಹೋಗಿತ್ತು. ನಮ್ಮ ಮನೆಯವರು ಸ್ಟೂಲು ಹತ್ತಿ ಹೊಸ ಸೆಲ್ಲು ಹಾಕಿ, "ಈಗ ಎಷ್ಟಾತು ನೋಡು" ಎಂದು ಕೇಳಿದ್ದರು. ನಾನು ಫೋನಿನಲ್ಲಿ ಹೊತ್ತು ನೋಡುತ್ತಿರುವಾಗಲೇ ಅದು ಕೈಯಲ್ಲಿ ಬಡಿದುಕೊಂಡಿತು.

"ಲೇ, ಹಳ್ಳಕ್ಕ ನೀರು ಬಂದೈತಿ," ಎಂದಳು ನನ್ನ ಗೆಳತಿ. "ದಾರಿ ಮುಚ್ಚೇತಿ."

"ಎಲ್ಲಿ ಅದೀ?"

"ಎಲ್ಲಿ ಇರ್ತೀನಿ? ಹಾಳೂರ ದಿಬ್ಬದ ಮ್ಯಾಲ. ಕುರಿ ಎಲ್ಲಾ ಇಲ್ಲೇ ಅದಾವ."

ಹೊರಗೆ ನೋಡಿದೆ. ಹಗರಿಬೊಮ್ಮನಹಳ್ಳಿಯ ರಸ್ತೆಯಲ್ಲಿ ಬಿಸಿಲು ಕಣ್ಣು ಚುಚ್ಚುತ್ತಿತ್ತು. ವಾರದಿಂದ ಒಂದು ಹನಿ ಬಿದ್ದಿರಲಿಲ್ಲ. ಆದರೆ ನಮ್ಮ ಹೊಳೆಗೆ ನೀರು ಬರಲು ನಮ್ಮ ಆಕಾಶ ಬೇಕಾಗಿಲ್ಲ. ಮೇಲೆ ಎಲ್ಲೋ ಘಟ್ಟದಲ್ಲಿ ಸುರಿದದ್ದು ಎರಡು ಮೂರು ದಿನ ನಡೆದು ಬಂದು, ಹಂಪಸಾಗರದ ಕಡೆ ಸದ್ದಿಲ್ಲದೆ ಏರುತ್ತದೆ. ಬೇಸಿಗೆಯಲ್ಲಿ ಅಣೆಕಟ್ಟಿನ ಹಿನ್ನೀರು ಇಳಿದಾಗ ಆ ಬಯಲೆಲ್ಲ ಹಸಿರು ಹುಲ್ಲಾಗುತ್ತದೆ. ಬೇರೆಲ್ಲೂ ಮೇವು ಸಿಗದ ದಿನಗಳಲ್ಲಿ ಕುರಿಯವರು ಅಲ್ಲಿಗೆ ಇಳಿಯುತ್ತಾರೆ. ನಡುವೆ ಒಂದು ದಿಬ್ಬ. ಹಿಂದೆ ಮುಳುಗಡೆಯಾದ ಊರಿನದು. ಗುಂಡಾದ ಕಲ್ಲುಗಳು, ಒಂದು ಮುರಿದ ಒರಳು, ಯಾರದೋ ಮನೆಯ ಮೆಟ್ಟಿಲು. ಆ ದಿಬ್ಬ ಎಲ್ಲಕ್ಕಿಂತ ಕೊನೆಗೆ ಮುಳುಗುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಅದಕ್ಕೇ ಹಟ್ಟಿ ಹಾಕುವುದು ಅಲ್ಲೇ. ದಿಬ್ಬ ಬೇಗ ಮುಳುಗುವುದಿಲ್ಲ ನಿಜ. ಆದರೆ ದಿಬ್ಬಕ್ಕೂ ದಂಡೆಗೂ ನಡುವೆ ಹಳೇ ಹಳ್ಳದ ಹಾದಿಯಿದೆ, ಮೊದಲು ತುಂಬುವುದು ಅದು. ಇದೂ ಎಲ್ಲರಿಗೂ ಗೊತ್ತು. ಗೊತ್ತಿದ್ದೂ ಪ್ರತಿ ವರ್ಷ ಎಲ್ಲರೂ ದಿಬ್ಬವನ್ನೇ ನಂಬುತ್ತಾರೆ.

"ನಿನ್ನ ಗಂಡ?"

"ಟಗರು ಮಾರಾಕ ಹರಪನಹಳ್ಳಿಗೆ ಹೋಗ್ಯಾನ. ಫೋನ್ ಹತ್ತವಲ್ದು."

"ತೆಪ್ಪ ಕಳಸ್ತೀನಿ. ನೀ ಹತ್ತಿ ಬಾ."

"ಕುರಿ ಬಿಟ್ಟು ನಾ ಬರಂಗಿಲ್ಲ," ಎಂದಳು. ಮಾರುಕಟ್ಟೆಗೆ ಬರುವುದಿಲ್ಲ ಎನ್ನುವಷ್ಟೇ ಸಲೀಸಾಗಿ ಹೇಳಿದಳು. "ಬೇಕಂದ್ರ ಎಲ್ಲಾರೂ ಕೂಡೇ ಬರ್ತೀವಿ. ಲೇ, ಚಾರ್ಜ್ ಒಂದ ಗೆರಿ ಐತಿ. ಇಡ್ತೀನಿ."

ನಾನು ಸ್ಕೂಟರಿನ ಕೀಲಿ ತೆಗೆದುಕೊಂಡೆ.

ಇಲ್ಲಿಂದ ಮುಂದೆ ಆದದ್ದನ್ನು ಹೇಳಬೇಕಾದರೆ ಒಂದು ಟೀವಿ ಧಾರಾವಾಹಿಯ ಒಂದೇ ಒಂದು ಕಂತಿನ ಬಗ್ಗೆ ಮೊದಲು ಹೇಳಬೇಕು. ಆ ಕಂತು ಇಲ್ಲದಿದ್ದರೆ ಅಂದು ದಂಡೆಯ ಮೇಲೆ ನನಗೆ ಏನೂ ಹೊಳೆಯುತ್ತಿರಲಿಲ್ಲ.

ನನ್ನ ತವರು ಕೊಟ್ಟೂರು. ನಮ್ಮದು ಕಾಳುಕಡಿಯ ವ್ಯಾಪಾರದ ಮನೆ. ಊರ ಹೊರಗೆ ಹೊಲವೂ ಇತ್ತು. ಜೋಳ ಕೊಯ್ದ ಮೇಲೆ ಗೊಬ್ಬರಕ್ಕಾಗಿ ಹೊಲದಲ್ಲಿ ಕುರಿ ನಿಲ್ಲಿಸುತ್ತಿದ್ದರು. ಪ್ರತಿ ವರ್ಷ ಬರುತ್ತಿದ್ದದ್ದು ಒಂದೇ ಕುಟುಂಬ. ಅವರ ಮಗಳೇ ಈ ಗೆಳತಿ. ಅವಳೂ ನಾನೂ ಒಂದೇ ವಯಸ್ಸಿನವರು. ಅವಳ ಅವ್ವ ಮಜ್ಜಿಗೆಗೆಂದು ನಮ್ಮ ಮನೆಗೆ ಬಂದಾಗ ಇವಳು ಹಿಂದೆಯೇ ಬಂದು, ಮಜ್ಜಿಗೆ ಸಿಕ್ಕ ಮೇಲೂ ಹೋಗುತ್ತಿರಲಿಲ್ಲ. ಕಾರಣ ನಮ್ಮ ಟೀವಿ. ಬಣ್ಣವಿಲ್ಲದ್ದು. ಮರದ ಪೆಟ್ಟಿಗೆ, ಎರಡು ಕಡೆ ಸರಿಯುವ ಬಾಗಿಲು. ಬಾಗಿಲು ತೆಗೆಯುವ ಅಧಿಕಾರ ನಮ್ಮ ಅಜ್ಜಿಯದು. ಪೂಜೆ ಮುಗಿಯದೆ ತೆಗೆಯುತ್ತಿರಲಿಲ್ಲ.

ಒಂದು ಭಾನುವಾರ ಬೆಳಿಗ್ಗೆ ಹಿಂದಿಗೆ ಡಬ್ ಮಾಡಿದ ಯಾವುದೋ ಹೊರದೇಶದ ಧಾರಾವಾಹಿ ಬಂತು. ಆಗಲೇ ಹಳೆಯದು. ಆಕಾಶದಲ್ಲಿ ನಡೆಯುವ ಕಥೆಗಳು, ವಾರಕ್ಕೊಂದು. ನಮ್ಮಿಬ್ಬರಿಗೂ ಹಿಂದಿ ಬರುತ್ತಿರಲಿಲ್ಲ. ಆದರೂ ಅಂದಿನ ಕಥೆ ನಮಗೆ ಒಂದಿಷ್ಟೂ ತಪ್ಪದೆ ಅರ್ಥವಾಯಿತು. ಮುಂದೆ ಬಹಳ ವರ್ಷಗಳ ಮೇಲೆ ಅದು ಫೋನಿನಲ್ಲಿ ಸಿಕ್ಕಿತು. ಆಮೇಲೆ ಎಷ್ಟು ಸಲ ನೋಡಿದ್ದೇನೋ. ಮಾತು ಅರ್ಥವಾದ ಮೇಲೂ ಕಥೆ ಬದಲಾಗಲಿಲ್ಲ. ಅದು ಅಷ್ಟು ಚೆನ್ನಾಗಿ ಮಾಡಿದ ಕಂತು.

ಕಥೆ ಇಷ್ಟೇ. ಭೂಮಿಯಿಂದ ಬಹುದೂರ ಒಂದು ಬಂಡೆ. ಅದರ ಮೇಲೆ ಒಂದು ಗುಡಿಸಲಿನಂಥ ತಗಡಿನ ಮನೆ, ದೊಡ್ಡದೊಂದು ದೀಪ. ಸುತ್ತ ಧೂಳಿನ ಪಟ್ಟಿ. ಅದರೊಳಗೆ ದಾರಿ ತಪ್ಪಿದ ಆಕಾಶದ ಹಡಗು ಹೊರಗೆ ಬರಬೇಕಾದರೆ ಆ ದೀಪವೇ ಗತಿ. ದೀಪ ನೋಡಿಕೊಳ್ಳಲು ಒಬ್ಬಳೇ ಒಬ್ಬ ಹೆಂಗಸು. ಮಧ್ಯವಯಸ್ಸಿನವಳು, ಚೆಲುವೆಯೇನಲ್ಲ. ದಿನಾ ಒಮ್ಮೆ ರೇಡಿಯೋ ಮುಂದೆ ಕೂತು ಮಾತಾಡುತ್ತಾಳೆ. ದೀಪ ಒರೆಸಿದೆ, ಇಂದು ಧೂಳು ಜಾಸ್ತಿ, ಬೂಟಿನ ಅಡಿ ಹರಿದಿದೆ, ಸಾರಿಗೆ ಉಪ್ಪು ಹೆಚ್ಚಾಯಿತು. ಆ ಧೂಳಿನಲ್ಲಿ ದನಿ ನಿಧಾನ ಹೋಗುತ್ತದೆ. ಇಂದು ಆಡಿದ ಮಾತು ಯಾರನ್ನಾದರೂ ಮುಟ್ಟಲು ತಿಂಗಳುಗಳು ಬೇಕು. ಉತ್ತರ ಬರುವುದೇ ಇಲ್ಲ. ಆದರೂ ಮಾತಾಡುತ್ತಾಳೆ.

ಒಂದು ಹಡಗು ಬರುತ್ತದೆ, ತುಂಬ ಜನ, ಮಕ್ಕಳು ಮರಿ. ದೀಪ ಆರಿದೆ. ಹಡಗು ನಡೆಸುವವನಿಗೆ ಕತ್ತಲಲ್ಲಿ ಏನೂ ಕಾಣದು. ಆಗ ರೇಡಿಯೋದಲ್ಲಿ ಅವಳ ದನಿ, ಸಾರಿನ ಉಪ್ಪಿನ ಮಾತು. ಎಂದೋ ಹೊರಟದ್ದು, ಈಗ ಬಂದು ಮುಟ್ಟಿದೆ. ಅವನು ದನಿ ಎತ್ತ ಜೋರಾಗುತ್ತದೋ ಅತ್ತ ಹಡಗು ತಿರುಗಿಸುತ್ತಾ, ಬೂಟಿನ ಕಥೆ, ಒರೆಸುವ ಬಟ್ಟೆಯ ಕಥೆ ಕೇಳುತ್ತಾ ಹೊರಗೆ ಬರುತ್ತಾನೆ. ಉಪಕಾರ ಹೇಳಲು ಬಂಡೆಗೆ ಇಳಿದರೆ ಮನೆಯಲ್ಲಿ ಯಾರೂ ಇಲ್ಲ. ದೀಪದ ಗಾಜು ಒಡೆದಿದೆ. ರೇಡಿಯೋ ಮುಂದೆ ಖಾಲಿ ಕುರ್ಚಿ. ಅವನು ಕುರ್ಚಿಯ ಬೆನ್ನ ಮೇಲೆ ಕೈಯಿಡುತ್ತಾನೆ. ಮುಗಿಯಿತು.

ನಾನು ಬಿ.ಎಸ್ಸಿ. ಓದಿದ್ದೇನೆ. ರೇಡಿಯೋ ಅಲೆ ಧೂಳಿನಲ್ಲಿ ಹಾಗೆ ಕುಂಟುತ್ತಾ ಹೋಗುವುದಿಲ್ಲ ಎಂಬುದು ನನಗೆ ಗೊತ್ತು. ಬಂಡೆ ಎಂದದ್ದು ಬಣ್ಣ ಬಳಿದ ಗೋಣಿತಟ್ಟು, ಒಂದು ಕಡೆ ಮಡಿಕೆ ಕಾಣುತ್ತದೆ. ಬಾಗಿಲು ಹಾಕಿದರೆ ಇಡೀ ಗೋಡೆ ನಡುಗುತ್ತದೆ. ನಕ್ಷತ್ರಗಳಲ್ಲಿ ಒಂದು ಸಣ್ಣಗೆ ಅಲ್ಲಾಡುತ್ತದೆ, ದಾರಕ್ಕೆ ಕಟ್ಟಿದ್ದಿರಬೇಕು. ಇದ್ಯಾವುದೂ ನನಗೆ ಇಂದಿಗೂ ಕೊರತೆ ಅನಿಸಿಲ್ಲ. ದುಡ್ಡಿಲ್ಲದವರು ಮಾಡಿದ ಕಂತು, ಅದಕ್ಕೇ ಅವರು ಇದ್ದಬಿದ್ದದ್ದನ್ನೆಲ್ಲ ಆ ನಟಿಯ ಮುಖದ ಮೇಲೆ ಹಾಕಿದ್ದಾರೆ. ಅವಳು ಪ್ರತಿ ಸಲ ರೇಡಿಯೋ ಮುಟ್ಟುವ ಮೊದಲು ಎರಡೂ ಕೈಯನ್ನು ಬಟ್ಟೆಗೆ ಒರೆಸಿಕೊಳ್ಳುತ್ತಾಳೆ. ನೋಡುವವರು ಯಾರೂ ಇಲ್ಲದ ಕಡೆ. ತಿಂಗಳುಗಳ ಆಚೆ ಕೇಳಲಿರುವ ಯಾರಿಗೋ ಮರ್ಯಾದೆ ಕೊಟ್ಟಂತೆ. ಅದನ್ನು ಯಾರೂ ಬರೆದು ಕೊಟ್ಟಿರಲಿಕ್ಕಿಲ್ಲ, ಆಕೆಯೇ ಮಾಡಿರಬೇಕು.

ಅಂದು ಟೀವಿಯ ಬಾಗಿಲು ಮುಚ್ಚಿದ ಮೇಲೆ ನಾನು ಅತ್ತೆ.

"ಯಾಕ ಅಳ್ತೀ?" ಎಂದಳು ಇವಳು.

"ಅಕಿ ಸತ್ಹೋದ್ಲು."

"ಯಾರ್ ಹೇಳ್ಯಾರ? ನೀರಿಗೆ ಹೋಗ್ಯಾಳ."

"ಕುರ್ಚಿ ಖಾಲಿ ಇತ್ತಲ್ಲಲೇ!"

"ನಮ್ಮವ್ವನ ಕುರ್ಚೀನೂ ಖಾಲಿ ಐತಿ. ಸತ್ತಾಳೇನು?" ಎಂದಳು. ಅವಳ ಅವ್ವ ಹಿತ್ತಲಲ್ಲಿ ನಮ್ಮ ಅಜ್ಜಿಯೊಂದಿಗೆ ಮಾತಾಡುತ್ತಿದ್ದದ್ದು ಕೇಳುತ್ತಿತ್ತು. ಅವರಿಗೆ ಕುರ್ಚಿಯೇ ಇರಲಿಲ್ಲ ಎಂಬುದು ನನಗೆ ಆಗ ಹೊಳೆಯಲಿಲ್ಲ.

ಅವಳು ಮದುವೆಯಾಗಿ ಕೂಡ್ಲಿಗಿ ಕಡೆಯ ಹಳ್ಳಿಗೆ ಹೋದಳು. ನನ್ನದು ಹಗರಿಬೊಮ್ಮನಹಳ್ಳಿಯಲ್ಲಿ ದನಕರುಗಳ ಔಷಧಿ ಅಂಗಡಿ, ಗಂಡನೂ ನಾನೂ ಸೇರಿ ನಡೆಸುವುದು. ಕುರಿಗೆ ಜಂತಿನ ಔಷಧಿ ಬೇಕಾದಾಗ ಅವಳು ಬರುತ್ತಾಳೆ. ಗಿರಾಕಿಗಳ ಮುಂದೆ "ಅಕ್ಕಾರ" ಎನ್ನುತ್ತಾಳೆ, ಅವರು ಹೋದ ಮೇಲೆ "ಲೇ". ಹಿಂದಿನ ವರ್ಷ ತಾಯಿ ಸತ್ತ ಒಂದು ಹೆಣ್ಣು ಮರಿಯನ್ನು ಕಂಬಳಿಯಲ್ಲಿ ಸುತ್ತಿಕೊಂಡು ಬಂದಿದ್ದಳು. ಬಾಟಲಿ ಕೊಟ್ಟು ಹಾಲು ಕುಡಿಸುವುದನ್ನು ತೋರಿಸಿದ್ದೆ. ಆ ಮರಿ ಬೆಳೆದು ಈಗ ಹಿಂಡಿಗೇ ಮುಂದಾಳು. ಅವಳ ದನಿ ಕೇಳಿದ ಕಡೆ ಅದು, ಅದು ಹೋದ ಕಡೆ ಹಿಂಡು. ಅದನ್ನು ಕರೆಯುವುದು "ತಂಗೀ" ಎಂದು.

ದಂಡೆಗೆ ಹೋದಾಗ ಅಲ್ಲಿ ಐದಾರು ಜನ ನಿಂತಿದ್ದರು. ಕೆಂಪು ನೀರು ಹಳ್ಳದ ಹಾದಿಯನ್ನೂ ಅದರಾಚೆಯ ಹುಲ್ಲನ್ನೂ ನುಂಗಿ ಅಗಲವಾಗಿ ಹರಡಿತ್ತು. ಬಳ್ಳಾರಿ ಜಾಲಿಯ ಗಿಡಗಳು ಸೊಂಟದವರೆಗೆ ನೀರಲ್ಲಿ ನಿಂತಿದ್ದವು. ಆಚೆ ದಿಬ್ಬ. ದಿಬ್ಬದ ಮೇಲೆ ಬೂದು ಬಣ್ಣದ ಒಂದೇ ಮುದ್ದೆಯಂತೆ ಕುರಿಗಳು, ನಡುವೆ ಅವಳ ಹಸಿರು ಸೀರೆ. ಫೋನು ಆಗಲೇ ಸತ್ತಿತ್ತು.

ನಾನು ಹೊರಡುವಾಗ ಫೋನು ಮಾಡಿ ಕಳಿಸಿದ್ದ ಮೀನು ಹಿಡಿಯುವ ಯಜಮಾನ ತೆಪ್ಪ ತೆಗೆದುಕೊಂಡು ಹೋದವನು ತಿರುಗಿ ಬರುತ್ತಿದ್ದ. ಹತ್ತಿರ ಬಂದಾಗ ನೋಡಿದರೆ ತೆಪ್ಪದ ತುಂಬ ಮರಿಗಳು.

"ಹೆಣ್ಮಗಳನ್ನ ತರಾಕ ಹೋದ್ರ ಮರಿ ತುಂಬಿ ಕಳಿಸ್ಯಾಳ ನೋಡ್ರಿ!" ಎಂದು ಹುಟ್ಟು ನೆಲಕ್ಕೆ ಎಸೆದ. "ಹತ್ತವ್ವಾ ಅಂದ್ರ, ಮೊದ್ಲು ಸಣ್ಣವು ಹೋಗ್ಲಿ ಅಂತಾಳ. ತೆಪ್ಪ ಏನು ಬಸ್ಸೇನು?"

"ಉಳಿದ ಕುರಿ ಈಜಂಗಿಲ್ಲೇನ್ರಿ?"

"ಈಜ್ತಾವ. ಇನ್ನೂ ಅಷ್ಟು ಸೆಳವಿಲ್ಲ. ಆದ್ರ ಇಳೀಬೇಕಲ್ಲ! ಮುಂದ ಕರಿಯಾಕ ಒಬ್ರು ಬೇಕು, ಹಿಂದ ಹೊಡಿಯಾಕ ಒಬ್ರು ಬೇಕು. ಅಕಿ ಒಬ್ಬಾಕಿ ಎರಡೂ ಕಡೆ ಹೆಂಗ ನಿಲ್ತಾಳ? ತೆಪ್ಪದಾಗ ಕುಂತು ಕರದ್ರ ಅರ್ಧ ಬರ್ತಾವ, ಅರ್ಧ ತಿರುಗಿ ದಿಬ್ಬ ಹತ್ತತಾವ. ನಾ ಹೊಡದ್ರ ಚದುರ್ತಾವ, ನನ್ನ ಗುರ್ತಿಲ್ಲ."

ಅದೇ ಅವರ ಕೆಲಸದ ರೀತಿ. ಗಂಡ ಹಿಂದೆ, ಇವಳು ಮುಂದೆ. ಹಳ್ಳ ದಾಟಿಸುವಾಗಲೂ, ಹೆದ್ದಾರಿ ದಾಟಿಸುವಾಗಲೂ. ಗಂಡ ಹರಪನಹಳ್ಳಿಯಲ್ಲಿದ್ದ.

ನಾನು ದಂಡೆಯ ತುದಿಗೆ ಹೋಗಿ "ತಂಗೀ, ಬಾ ಬಾ" ಎಂದು ಕೂಗಿದೆ. ಬಾಟಲಿ ಹಾಲು ನಾನೂ ಕುಡಿಸಿದ್ದೆನಲ್ಲ ಎಂಬ ಆಸೆ. ಗಂಟಲು ಹರಿಯಿತೇ ಹೊರತು ಒಂದು ತಲೆಯೂ ಈ ಕಡೆ ತಿರುಗಲಿಲ್ಲ. ದಿಬ್ಬ ಸಣ್ಣದಾಗುತ್ತಿತ್ತು. ಬಂದಾಗ ಕಂಡಿದ್ದ ಒರಳುಕಲ್ಲು ಈಗ ಕಾಣುತ್ತಿರಲಿಲ್ಲ.

ಏನು ಮಾಡಲೂ ತೋಚದೆ ಫೋನು ತೆಗೆದೆ. ಅವಳಿಗೆ ಮತ್ತೆ ಹಚ್ಚಿದೆ, ಸ್ವಿಚ್ ಆಫ್. ಕೆಳಗೆ ಅವಳು ಹಿಂದಿನ ವಾರ ಕಳಿಸಿದ್ದ ದನಿ-ಸಂದೇಶ ಕಂಡಿತು. ಅವಳು ಬರೆಯುವುದಿಲ್ಲ, ಮಾತಾಡಿ ಕಳಿಸುತ್ತಾಳೆ, ಕುರಿ ಮೇಯಿಸುತ್ತಾ ಮೇಯಿಸುತ್ತಾ. ಮರಿಗಳ ಕೆಮ್ಮಿನ ಬಗ್ಗೆ ಹೇಳುವಾಗ ನಡುವೆ ಮಾತು ಬಿಟ್ಟು ತಂಗಿಯನ್ನು ಕರೆದಿದ್ದಳು, ಉದ್ದಕ್ಕೆ, ರಾಗವಾಗಿ. ಕೇಳಿ ನಕ್ಕಿದ್ದೆ. ಈಗ ಫೋನಿನ ತೆರೆಯ ಮೇಲೆ ಆ ದನಿಯ ಗೆರೆಗಳನ್ನು ನೋಡಿದಾಗ ನನಗೆ ಕಂಡದ್ದು ತಗಡಿನ ಮನೆ, ಧೂಳು, ರೇಡಿಯೋ. ಎಂದೋ ಹೊರಟ ದನಿ.

ದಂಡೆಯ ಮೇಲಿನ ರಸ್ತೆಯಲ್ಲಿ ಹಡಗಲಿ ಕಡೆಯ ಈರುಳ್ಳಿ ಮಾರುವ ಆಟೋವೊಂದು ನಿಂತಿತ್ತು. ತಲೆಯ ಮೇಲೆ ಮೈಕು. ಆಟೋದವನ ಹತ್ತಿರ ಓಡಿದೆ.

"ಅಣ್ಣಾರ, ನಿಮ್ಮ ಮೈಕಿಗೆ ನನ್ನ ಫೋನ್ ಹಚ್ಚಬೇಕ್ರಿ."

"ಯಾಕ್ರಿ?"

"ಕುರಿ ಕರಿಯಾಕ."

ಅವನು ನನ್ನ ಮುಖವನ್ನೊಮ್ಮೆ, ನೀರನ್ನೊಮ್ಮೆ ನೋಡಿದ. ಆಟೋವನ್ನು ಹಿಮ್ಮುಖವಾಗಿ ನೀರಿನಂಚಿಗೆ ತಂದ. ತೆಪ್ಪದ ಯಜಮಾನನಿಗೆ ಹೇಳಿದೆ: "ಅಕಿಗೆ ಹೇಳ್ರಿ, ಅಕಿ ದನಿ ಈ ಕಡೆಯಿಂದ ಬರ್ತೈತಿ, ಅಕಿ ಸುಮ್ಮನ ಹಿಂದಿಂದ ಹೊಡೀಲಿ. ಕಡೀ ಕುರಿ ಇಳಿದ ಕೂಡ್ಲೇ ನಿಮ್ಮ ತೆಪ್ಪದಾಗ ಹತ್ತಲಿ."

"ಇಬ್ರಿಗೂ ಹುಚ್ಚ ಹಿಡದೈತಿ," ಎಂದ. ಆದರೂ ಹೋದ.

ಮೈಕಿನಿಂದ ಮೊದಲು ಬಂದದ್ದು ಆಟೋದವನದೇ ಜಾಹೀರಾತು: "ಬರ್ರಿ ಅಕ್ಕಾರ, ಬರ್ರಿ ಅವ್ವಾರ, ಒಣಗಿದ ಉಳ್ಳಾಗಡ್ಡಿ, ಗಟ್ಟಿ ಉಳ್ಳಾಗಡ್ಡಿ!" ಹೊಳೆಯ ತುಂಬ ಕೇಳಿಸಿತು. ದಿಬ್ಬದ ಮೇಲೆ ಅವಳು ಸೊಂಟದ ಮೇಲೆ ಕೈಯಿಟ್ಟು ನಿಂತದ್ದು ಇಲ್ಲಿಂದಲೇ ಕಂಡಿತು. ಆಮೇಲೆ ನನ್ನ ಫೋನು ಹತ್ತಿತು.

"ಲೇ, ಆ ಬಿಳೇ ಔಷಧಿ ಕುಡಿಸೀನಿ. ಎರಡು ಮರಿ ಇನ್ನೂ ಕೆಮ್ಮಾಕತ್ತಾವ. ನಿನ್ನ ಗಂಡಗ ಹೇಳು, ಅಂಗಡ್ಯಾಗ ಕುಂತಲ್ಲೇ ನಿದ್ದಿ ಮಾಡಬ್ಯಾಡ ಅಂತ. ಹೋದ ಸಲ ಎಬ್ಬಿಸಾಕ ಗಲ್ಲಾಪೆಟಿಗಿ ಬಡೀಬೇಕಾತು..." ದಂಡೆಯ ಮೇಲಿದ್ದವರು ನಕ್ಕರು. ನಂತರ ಆ ಕರೆ: "ತಂಗೀ... ಹ್ರ್ಯೋ... ಬಾ ತಂಗೀ ಬಾ... ಹ್ರ್ಯೋ..."

ಮುದ್ದೆಯೊಳಗಿಂದ ಒಂದು ತಲೆ ಎದ್ದಿತು.

ಕರೆ ಮುಗಿದು ಮತ್ತೆ ಮಾತು ಬಂತು, "ಊಟ ಆತೇನ್ಲೇ? ನಂದು ಇನ್ನೂ ಆಗಿಲ್ಲ, ರೊಟ್ಟಿ ಐತಿ, ಪುಂಡಿಪಲ್ಯ ಐತಿ." ಸಂದೇಶ ಮುಗಿಯಿತು. ಮತ್ತೆ ಮೊದಲಿಂದ ಹಚ್ಚಿದೆ. ನಡುವಿನ ಕರೆಯನ್ನಷ್ಟೇ ಹಿಡಿಯಲು ನೋಡಿದೆ, ಆಗಲಿಲ್ಲ. ಹೀಗಾಗಿ ಕೆಮ್ಮು, ನನ್ನ ಗಂಡನ ನಿದ್ದೆ, ಕರೆ, ಊಟ, ಎಲ್ಲವೂ ಮತ್ತೆ ಮತ್ತೆ ಹೊಳೆಯ ಮೇಲೆ ಹೋದವು. ಮೂರನೆಯ ಸಲಕ್ಕೋ ನಾಲ್ಕನೆಯದಕ್ಕೋ ತಂಗಿ ನೀರಿಗೆ ಇಳಿಯಿತು. ಹಿಂದೆ ಇನ್ನೊಂದು. ಆಮೇಲೆ ದಿಬ್ಬವೇ ಕರಗಿ ನೀರಿಗೆ ಜಾರಿದಂತೆ ಇಡೀ ಹಿಂಡು. ನೀರ ಮೇಲೆ ಬರೀ ತಲೆಗಳು, ಮೂಗು ಮೇಲೆತ್ತಿದ ತಲೆಗಳು, ಒಂದರ ಬೆನ್ನಿಗೊಂದು ಗದ್ದ ಊರಿಕೊಂಡು ಆಟೋದ ಮೈಕಿನ ಕಡೆ ಬರುತ್ತಿದ್ದವು.

ಅವಳು ಹಿಂದೆ ಕೋಲು ಬೀಸುತ್ತಾ ಮೊಣಕಾಲುದ್ದ ನೀರಲ್ಲಿದ್ದಳು. ತೆಪ್ಪ ಪಕ್ಕದಲ್ಲೇ ಇತ್ತು. ಇನ್ನೇನು ಹತ್ತಬೇಕು. ಆಗ ಒಂದು ಕುರಿ ತಿರುಗಿ, ಜಾಲಿಗಿಡಗಳ ಕಡೆ ಸೆಳವಿಗೆ ಸಿಕ್ಕಿತು. ಅವಳು ಅದರ ಕಡೆ ಹೆಜ್ಜೆ ಹಾಕಿದಳು. ಸೊಂಟ, ಎದೆ. ತೆಪ್ಪ ಗಿರ್ರನೆ ತಿರುಗಿ ಬೇರೆ ಕಡೆ ಹೋಯಿತು. ಹಸಿರು ಸೀರೆ ಜಾಲಿಯ ಹಿಂದೆ ಹೋಯಿತು.

ಆಮೇಲೆ ಅದು ಕಾಣಲಿಲ್ಲ.

ನಾನು ಇಂದಿಗೂ ಮತ್ತೆ ಮತ್ತೆ ಹೋಗಿ ನಿಲ್ಲುವುದು ಅಲ್ಲಿ. ಅವಳು ಇಲ್ಲ, ಅವಳ ದನಿ ಮಾತ್ರ ನನ್ನ ತಲೆಯ ಮೇಲಿನ ಮೈಕಿನಲ್ಲಿ, ನಗುತ್ತಾ, "ಊಟ ಆತೇನ್ಲೇ?" ಎನ್ನುತ್ತಿದೆ. ಫೋನು ನನ್ನ ಕೈಯಲ್ಲಿತ್ತು. ಅದನ್ನು ನಿಲ್ಲಿಸಿಬಿಡಬೇಕು ಅನಿಸಿತು. ನಿಲ್ಲಿಸಿದರೆ ನಡುನೀರಲ್ಲಿರುವ ಹಿಂಡು ದಿಕ್ಕು ಬಿಡುತ್ತಿತ್ತು. ಆಟೋದವನು "ನಿಲ್ಲಸಬ್ಯಾಡ್ರಿ, ನಿಲ್ಲಸಬ್ಯಾಡ್ರಿ" ಎನ್ನುತ್ತಿದ್ದ. ನಾನು ಒತ್ತಿದೆ. ಮತ್ತೆ ಬಿಳೇ ಔಷಧಿ, ಮತ್ತೆ ಕೆಮ್ಮು. ಆ ಹಡಗಿನವನು ಖಾಲಿ ಕುರ್ಚಿ ಮುಟ್ಟಿದ್ದು ಎಲ್ಲರನ್ನೂ ಹೊರಗೆ ತಂದ ಮೇಲೆ. ನನಗೆ ಅಷ್ಟೂ ಪುರುಸೊತ್ತು ಸಿಕ್ಕಿರಲಿಲ್ಲ.

ತಂಗಿ ದಂಡೆ ಹತ್ತಿ ಮೈ ಕೊಡವಿತು. ನನ್ನ ಸೀರೆಯೆಲ್ಲ ತೊಯ್ದುಹೋಯಿತು. ಅದು ಆಟೋದ ಸುತ್ತ ಒಂದು ಸುತ್ತು ಹಾಕಿ, ಅವಳನ್ನು ಹುಡುಕಿ, ಮೈಕಿನ ಕಡೆ ಮುಖವೆತ್ತಿ ಕೂಗಿತು.

ತೆಪ್ಪದ ಯಜಮಾನ ಅವಳನ್ನು ಜಾಲಿಗಿಡದ ಟೊಂಗೆಯಿಂದ ಬಿಡಿಸಿಕೊಂಡು ಬಂದ. ಮುಳ್ಳು ಹೊಕ್ಕು ಎರಡೂ ಅಂಗೈ ರಕ್ತ. ಕುರಿಯ ಕಿವಿ ಬಿಟ್ಟಿರಲಿಲ್ಲ. ತೆಪ್ಪದಿಂದ ಇಳಿದವಳೇ ಮೊದಲು ಹಿಂಡನ್ನು ಕಣ್ಣಲ್ಲೇ ಅಳೆದಳು. ಕೆಲವು ಬಂದಿರಲಿಲ್ಲ. ಆಮೇಲೆ ನನ್ನ ಕಡೆ ತಿರುಗಿ, "ಊರ ಮಂದಿ ಮುಂದ ನಿನ್ನ ಗಂಡನ ನಿದ್ದಿ ಹೇಳಿ ಮರ್ಯಾದಿ ಕಳದ್ನೇನ್ಲೇ," ಎಂದಳು. ನಗಲು ಹೋದಳು, ಹಲ್ಲು ಕಟಕಟ ಬಡಿದವು. ಅವಳ ಗಂಡ ಬೈಕಿನಲ್ಲಿ ಬಂದು ಮುಟ್ಟಿದಾಗ ಇಬ್ಬರೂ ಒಂದೇ ಕಂಬಳಿಯಲ್ಲಿ ಕೂತಿದ್ದೆವು.

ಅಂದಿನಿಂದ ನನ್ನ ನಿದ್ದೆ ಹೋಯಿತು. ಮಲಗಿದರೆ ಬರುತ್ತಿತ್ತು, ಸ್ವಲ್ಪ ಹೊತ್ತಿಗೆ ಜಾಲಿಯ ಹಿಂದೆ ಹಸಿರು ಸರಿದಂತಾಗಿ ಕಣ್ಣು ಬಿಡುತ್ತಿದ್ದೆ. ಮನೆಯವರು ಏನೂ ಕೇಳದೆ ಲೈಟು ಹಾಕುತ್ತಿದ್ದರು, ನೀರು ಕೊಡುತ್ತಿದ್ದರು. ಹಗಲು ಅಂಗಡಿಯಲ್ಲಿ ಕೂತಲ್ಲೇ ನಿದ್ದೆ ಮಾಡುವುದು ಈಗ ನನ್ನ ಸರದಿಯಾಗಿತ್ತು. ನನ್ನ ಪ್ರೀತಿಯ ಕಂತನ್ನು ನೋಡಲು ಹೋಗಿ, ದೀಪದವಳು ಕೈ ಒರೆಸಿಕೊಳ್ಳುವ ಕಡೆ ಬಂದು, ಮುಚ್ಚಿಬಿಟ್ಟೆ. ಇಷ್ಟು ವರ್ಷ ಆ ಹಳೇ ದನಿ ಎಲ್ಲರನ್ನೂ ಉಳಿಸಿತು ಎಂದು ಮೆಚ್ಚಿದ್ದವಳು ನಾನು. ಆ ದನಿ ಕೇಳುತ್ತಾ ನಿಂತವನ ಎದೆ ಹೇಗಿತ್ತು ಎಂದು ಒಮ್ಮೆಯೂ ಯೋಚಿಸಿರಲಿಲ್ಲ.

ಅವರು ಹಟ್ಟಿಯನ್ನು ಕೂಡ್ಲಿಗಿ ಕಡೆಯ ಕೆಂಪು ಮಣ್ಣಿನ ಎತ್ತರಕ್ಕೆ ಒಯ್ದಿದ್ದರು. ಅಂಗೈಯ ಗಾಯಕ್ಕೆ ಮುಲಾಮು ತೆಗೆದುಕೊಂಡು ನೋಡಲು ಹೋದೆ. ಸುತ್ತ ಒಂದು ಕೆರೆಯೂ ಇಲ್ಲ. ಅವಳ ಗಂಡ ನಕ್ಕ: "ಅಕ್ಕಾರ, ಇಕಿಗೆ ಹೇಳ್ರಿ. ಇರುಳೆಲ್ಲಾ ಎದ್ದೆದ್ದು ನೆಲ ಮುಟ್ಟಿ ನೋಡ್ತಾಳ, ತೇವ ಆಗೇತೇನು ಅಂತ. ಇಲ್ಲಿ ಕುಡಿಯಾಕ ನೀರಿಲ್ಲ!"

ಅವನು ಹೋದ ಮೇಲೆ ಅವಳು ಮೆಲ್ಲಗೆ ಹೇಳಿದಳು. "ನೀರು ಅಲ್ಲಲೇ. ಗಿಡ ಹಿಡಕೊಂಡು ಕಣ್ಣು ಮುಚ್ಚಿದ್ನೆಲ್ಲ, ಆಗ ಆ ದಂಡ್ಯಾಗಿಂದ ನಾನ ನನ್ನ ಕರ್ಯಾಕತ್ತಿದ್ನಿ. ಊಟ ಆತೇನು ಅಂತ ಕೇಳಾಕತ್ತಿದ್ನಿ. ಹಂಗಾರ ಇಲ್ಲಿ ಗಿಡ ಹಿಡಕೊಂಡಾಕಿ ಯಾರು ಅನ್ನಿಸ್ತು. ಕೈ ಬಿಟ್ಟುಬಿಡ್ತಿದ್ನಿ. ಅಷ್ಟರಾಗ ಆ ಕುರಿ ಒದೀತು."

ಅವಳ ಅಂಗೈಗೆ ಮುಲಾಮು ಹಚ್ಚಿದೆ. ಹಚ್ಚುವ ಮೊದಲು ಅವಳು ಎರಡೂ ಕೈಯನ್ನು ಸೀರೆಗೆ ಒರೆಸಿಕೊಂಡಳು.

"ಆ ದೀಪದಾಕಿ ನೆನಪದಾಳೇನು?" ಎಂದೆ.

"ನೀರಿಗೆ ಹೋದಾಕಿ?" ಎಂದಳು ತಟ್ಟನೆ.

ಶ್ರಾವಣದ ಮೊದಲ ಸೋಮವಾರ ಅವಳು ಕೊಟ್ಟೂರಿಗೆ ಹೋಗಿ ಕಾಯಿ ಒಡೆಸಿಕೊಂಡು, ಸಂಜೆ ನಮ್ಮ ಮನೆಗೆ ಬಂದಳು. ಕುರಿ ಗಂಡನ ಹತ್ತಿರ ಬಿಟ್ಟು ಬಂದದ್ದು ಅದೇ ಮೊದಲು. ಊಟ ಮಾಡಿದೆವು. ಊಟವಾಯಿತೇ ಎಂದು ಯಾರೂ ಯಾರನ್ನೂ ಕೇಳಲಿಲ್ಲ. ಟೀವಿಯಲ್ಲಿ ಆ ಕಂತು ಹಚ್ಚಿದೆ. ನಮ್ಮ ಹೊಸ ಟೀವಿ ದೊಡ್ಡದು, ಗೋಣಿತಟ್ಟಿನ ಎಳೆ ಎಳೆಯೂ ಕಂಡಿತು.

"ಬಂಡೆಗಲ್ಲು ಅಲ್ಲಲೇ ಇದು, ಜೋಳದ ಚೀಲ!" ಎಂದು ಅವಳು ಬಿದ್ದು ಬಿದ್ದು ನಕ್ಕಳು. ಹಡಗಿನೊಳಗೆ ಆ ದನಿ ಬಂದಾಗ ನನ್ನ ಕೈ ಹಿಡಿದಳು. ಅಂಗೈಯ ಹೊಸ ಚರ್ಮ ಒರಟಾಗಿತ್ತು. ನಾನು ನೋಡಿದ್ದು ಟೀವಿಯನ್ನಲ್ಲ, ಅವಳನ್ನು. ದನಿಯೂ ಅವಳೂ ಒಂದೇ ಕೋಣೆಯಲ್ಲಿದ್ದರು.

ಖಾಲಿ ಕುರ್ಚಿ ಬಂತು. ಅವಳು ಮುಂದಕ್ಕೆ ಬಾಗಿದಳು.

"ತಡಿ, ಹಿಂದಕ್ಕ ಹಾಕು. ಮೊದಲಿಗೆ ಅಕಿ ಕೈ ಒರಸ್ತಾಳಲ್ಲ, ಅಲ್ಲಿಗೆ."

ಹಾಕಿದೆ.

"ಬಾಗಿಲ ಸಂದ್ಯಾಗ ನೋಡು. ಬಕೀಟು."

ಇತ್ತು. ಸಣ್ಣದು, ಹಿಡಿಯಿರುವ ತಗಡಿನ ಬಕೆಟು. ನನ್ನ ಕಣ್ಣಿಗೆ ಅದು ಒಮ್ಮೆಯೂ ಬಿದ್ದಿರಲಿಲ್ಲ.

"ಈಗ ಕಡೀಗೆ ಹಾಕು. ಐತೇನು?"

ಬಾಗಿಲ ಸಂದಿ ಖಾಲಿ. ಬಕೆಟ್ ಇಟ್ಟಲ್ಲಿ ನೆಲದ ಮೇಲೆ ಒಂದು ಬಿಳಿ ಗುಂಡು ಗುರುತು.

"ಅವಾಗ ಹೇಳಿದ್ನಿಲ್ಲ, ನೀರಿಗೆ ಹೋಗ್ಯಾಳ ಅಂತ?"

"ಶೂಟಿಂಗ್‌ನವರು ತಿರುಗಿ ಇಡೋದು ಮರ್ತಿರಬೇಕಲೇ."

"ಮರ್ತಿಲ್ಲ," ಎಂದಳು. ದಿಂಬು ಎಳೆದುಕೊಂಡು ಅಲ್ಲೇ ಚಾಪೆಯ ಮೇಲೆ ಉದ್ದಕ್ಕೆ ಮಲಗಿದಳು. "ಬರ್ತಾಳ. ನೀ ಮೊದಲು ಟೀವಿ ಆರಿಸು, ಕಣ್ಣಿಗೆ ಬೆಳಕು."

ಟೀವಿ ಆರಿಸಿ ಅವಳ ಪಕ್ಕದಲ್ಲೇ ಒರಗಿದೆ. ಅವಳ ಉಸಿರು ಕೇಳುತ್ತಿದ್ದದ್ದು ನೆನಪಿದೆ, ಎಲ್ಲಿಯವರೆಗೆ ಎಂಬುದು ನೆನಪಿಲ್ಲ. ಕಣ್ಣು ಬಿಟ್ಟಾಗ ಮಂಗಳವಾರದ ಬಿಸಿಲು ಹೊಸ್ತಿಲು ದಾಟಿತ್ತು. ಹಾಲಿನವನು ಬಾಗಿಲು ಬಡಿದು ಬೇಸತ್ತು ಹೋಗಿದ್ದ. ಅವಳು ಇನ್ನೂ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದಳು.